ಜರ್ಮನಿಯಲ್ಲಿ ಹಾರೈಕೆ: ಹೊತ್ತು ನೋಡಿ ಹೇಳಬೇಕು, ಕೊನೆಯ ಸಾಲು ಬಿಡದೆ ಓದಬೇಕು

ಹುಟ್ಟುಹಬ್ಬಕ್ಕೆ ಎರಡು ದಿನ ಮೊದಲೇ ‘ಅಡ್ವಾನ್ಸ್ ವಿಶಸ್’ ಕಳಿಸುವುದು ನಮ್ಮೂರಲ್ಲಿ ಪ್ರೀತಿಯ ಲಕ್ಷಣ. ಅದೇ ಸಂದೇಶ ಜರ್ಮನಿಯವರಿಗೆ ಬಂದರೆ ಮುಖ ಸಣ್ಣದಾಗುತ್ತದೆ. ದಿನ ಬರುವ ಮೊದಲೇ ಹಾರೈಸಿದರೆ ಕೆಡುಕಾಗುತ್ತದೆ ಎಂಬ ನಂಬಿಕೆ ಇಲ್ಲಿ ಓದಿದವರಲ್ಲೂ ಇದೆ. ನಂಬದವರೂ ಅದನ್ನು ಮೀರಲು ಹೋಗುವುದಿಲ್ಲ. ಹಿಂದಿನ ರಾತ್ರಿಯೇ ಪಾರ್ಟಿಗೆ ಸೇರಿದವರು ಕೂಡ ಹನ್ನೆರಡು ಹೊಡೆಯುವವರೆಗೆ ಕಾದು ಆಮೇಲೆ ಶುಭಾಶಯ ಹೇಳುತ್ತಾರೆ. ತಡವಾದರೆ ಮಾತ್ರ ಯಾರಿಗೂ ಬೇಸರವಿಲ್ಲ. ವಾರ ಕಳೆದ ಮೇಲೆ ಹೇಳಿದರೂ ನಗುತ್ತ ಸ್ವೀಕರಿಸುತ್ತಾರೆ. ಅಂದ ಹಾಗೆ, ಆಫೀಸಿನಲ್ಲಿ ಕೇಕ್ ತರಬೇಕಾದವರು ಹುಟ್ಟುಹಬ್ಬದವರೇ.

ಊರಲ್ಲಿರುವ ಅತ್ತೆ-ಮಾವಂದಿರು ಜರ್ಮನ್ ಸೊಸೆಗೋ ಅಳಿಯನಿಗೋ ಸರಿಯಾಗಿ ಮಧ್ಯರಾತ್ರಿಗೆ ವಾಟ್ಸಾಪ್ ಮಾಡುವಾಗ ಗಡಿಯಾರ ನೋಡಬೇಕು. ಬೆಂಗಳೂರಿನಲ್ಲಿ ಹನ್ನೆರಡಾದಾಗ ಇಲ್ಲಿ ಬೇಸಿಗೆಯಾದರೆ ಹಿಂದಿನ ಸಂಜೆ 8.30, ಚಳಿಗಾಲವಾದರೆ 7.30. ಮಲಗಿ ಬೆಳಿಗ್ಗೆ ಎದ್ದು ಕಳಿಸಿದರೆ ಎಲ್ಲರಿಗೂ ಒಳ್ಳೆಯದು. ಹೊಸ ವರ್ಷಕ್ಕೂ ಇದೇ ಲೆಕ್ಕ. ಕ್ರಿಸ್‌ಮಸ್ ಕಳೆದ ಮೇಲೆ ಬೇಕರಿಯವರಿಂದ ಹಿಡಿದು ಬಾಸ್‌ವರೆಗೆ ಎಲ್ಲರೂ ‘ಗೂಟೆನ್ ರುಟ್ಷ್’ ಅನ್ನುತ್ತಾರೆ, ಸುಖವಾಗಿ ಹೊಸ ವರ್ಷಕ್ಕೆ ದಾಟಿಕೊಳ್ಳಿ ಎಂಬ ಹಾರೈಕೆ ಅದು. ‘ಫ್ರೋಹೆಸ್ ನೊಯೆಸ್’ ಎಂಬ ಹೊಸ ವರ್ಷದ ಶುಭಾಶಯ ಹೊರಬರುವುದು ಜನವರಿ 1 ಹುಟ್ಟಿದ ಮೇಲೆ.

ದಿನನಿತ್ಯದ ಹಾರೈಕೆಗಳಿಗೆ ಉತ್ತರ ಸುಲಭ. ಅಂಗಡಿಯವರು ಒಳ್ಳೆಯ ದಿನ ಹಾರೈಸಲಿ, ಶುಕ್ರವಾರ ಸಹೋದ್ಯೋಗಿ ವಾರಾಂತ್ಯಕ್ಕೆ ಹಾರೈಸಲಿ, ‘ಡಾಂಕೆ, ಗ್ಲೈಖ್‌ಫಾಲ್ಸ್’ ಎಂದರೆ ಸಾಕು, ನಿಮಗೂ ಹಾಗೇ ಆಗಲಿ ಎಂದಂತೆ. ಎಡವಟ್ಟಾಗುವುದು ಔಷಧಿ ಅಂಗಡಿಯಲ್ಲಿ. ಅಲ್ಲಿಯವರು ‘ಗೂಟೆ ಬೆಸ್ಸೆರುಂಗ್’, ಅಂದರೆ ಬೇಗ ಗುಣವಾಗಲಿ ಎಂದಾಗ ಅಭ್ಯಾಸಬಲದಿಂದ ಗ್ಲೈಖ್‌ಫಾಲ್ಸ್ ಎಂದುಬಿಟ್ಟರೆ, ಆರೋಗ್ಯವಾಗಿ ನಿಂತಿರುವವರನ್ನು ರೋಗಿ ಮಾಡಿದ ಹಾಗೆ. ಅಲ್ಲಿ ಬರೀ ‘ಡಾಂಕೆ’. ಮಧ್ಯಾಹ್ನದ ಹೊತ್ತು ಕಾರಿಡಾರಿನಲ್ಲಿ ಎದುರಾದವರು ‘ಮಾಲ್‌ಟ್ಸೈಟ್’ ಅಂದರೆ ಊಟಕ್ಕೆ ಕರೆದರೆಂದು ಹಿಂದೆ ಹೋಗಬೇಡಿ. ಅದು ಊಟದ ಹೊತ್ತಿನ ನಮಸ್ಕಾರ, ಅದೇ ಮಾತನ್ನು ತಿರುಗಿ ಹೇಳಿ ಮುಂದೆ ನಡೆಯುವುದು. ನಾಟಕದವರು ರಂಗಕ್ಕೆ ಹೋಗುವ ಮುನ್ನ ‘ಟೊಯ್ ಟೊಯ್ ಟೊಯ್’ ಅನ್ನುತ್ತಾರೆ. ಅದಕ್ಕೆ ಥ್ಯಾಂಕ್ಸ್ ಹೇಳಬಾರದು, ಹೇಳಿದರೆ ಹಾರೈಕೆ ಕೆಡುತ್ತದಂತೆ.

ಇವೆಲ್ಲ ತಪ್ಪಿದರೂ ಒಂದು ನಗುವಿನಲ್ಲಿ ಮುಗಿಯುತ್ತದೆ. ಮುಂದಿನ ಕೆಲಸದ ಮೇಲೇ ನೆರಳು ಬೀಳಬಹುದಾದ ಹಾರೈಕೆ ಬೇರೊಂದಿದೆ. ಕೆಲಸ ಬಿಡುವಾಗ ಸಿಗುವ ‘ಅರ್ಬೈಟ್ಸ್‌ಟ್ಸೊಯ್ಗ್‌ನಿಸ್’ ಎಂಬ ಪ್ರಮಾಣಪತ್ರದ ಕೊನೆಯ ಸಾಲು ಅದು. ಬೆಂಗಳೂರಿನ ರಿಲೀವಿಂಗ್ ಲೆಟರ್‌ಗಳಲ್ಲೂ ‘ಮುಂದಿನ ಭವಿಷ್ಯಕ್ಕೆ ಶುಭವಾಗಲಿ’ ಎಂಬ ಸಾಲು ಇರುತ್ತದೆ, ಅದನ್ನು ಯಾರೂ ಎರಡನೇ ಸಲ ಓದುವುದಿಲ್ಲ. ಜರ್ಮನಿಯ ಎಚ್‌ಆರ್‌ನವರು ಮಾತ್ರ ಎಷ್ಟೋ ಸಲ ಓದಲು ಶುರು ಮಾಡುವುದೇ ಆ ತುದಿಯಿಂದ.

ಪೂರ್ತಿ ಸಾಲಿನಲ್ಲಿ ಮೂರು ಸಂಗತಿ ಇರಬೇಕು: ನೀವು ಹೋಗುತ್ತಿರುವುದಕ್ಕೆ ವಿಷಾದ, ಮಾಡಿದ ಕೆಲಸಕ್ಕೆ ಕೃತಜ್ಞತೆ, ಭವಿಷ್ಯಕ್ಕೆ ಹಾರೈಕೆ. ವಿಷಾದ ಇಲ್ಲದಿದ್ದರೆ, ಹೋದದ್ದೇ ಒಳ್ಳೆಯದಾಯಿತು ಎಂದುಕೊಂಡರೇನೋ ಎಂಬ ಅನುಮಾನ ಹುಟ್ಟುತ್ತದೆ. ಹಾರೈಕೆಯಲ್ಲಿ ಒಂದು ಪುಟ್ಟ ಪದದ ಮೇಲೆ ಕಣ್ಣಿಡಿ, ‘ವೈಟರ್‌ಹಿನ್’. ‘ಹಿಂದಿನಂತೆ ಮುಂದೆಯೂ ಯಶಸ್ಸು ಸಿಗಲಿ’ ಎಂಬುದರಲ್ಲಿ ‘ಹಿಂದಿನಂತೆ’ ಎನ್ನುವ ಭಾಗವನ್ನು ಹೊರುವ ಪದ ಅದು. ಅದು ಬಿಟ್ಟುಹೋದರೆ, ನಮ್ಮಲ್ಲಿ ಯಶಸ್ಸು ಸಿಗಲಿಲ್ಲ, ಮುಂದಾದರೂ ಸಿಗಲಿ ಎಂದು ಓದುವವರಿದ್ದಾರೆ. ‘ವಿಶೇಷವಾಗಿ ಆರೋಗ್ಯ ಚೆನ್ನಾಗಿರಲಿ’ ಎಂದು ಬರೆದರೆ ಅಕ್ಕರೆಯ ಮಾತೆಂದು ಖುಷಿಪಡಬೇಡಿ. ಆಗಾಗ ಸಿಕ್ ಲೀವ್ ಹಾಕುತ್ತಿದ್ದರು ಎಂಬ ಸುಳಿವಾಗಿ ಅದನ್ನು ತೆಗೆದುಕೊಳ್ಳುತ್ತಾರೆ.

ಹೀಗೇಕೆ? ಪ್ರಮಾಣಪತ್ರ ನಿಜವೂ ಆಗಿರಬೇಕು, ಉದ್ಯೋಗಿಯ ಹಿತ ಕಾಯುವಂತೆಯೂ ಇರಬೇಕು ಎಂಬುದು ಇಲ್ಲಿನ ನಿಯಮ. ನೇರವಾಗಿ ಕೆಟ್ಟದ್ದು ಬರೆಯುವುದು ಕಷ್ಟ. ಒಂದು ಹೇಳಿ ಇನ್ನೊಂದು ಸೂಚಿಸುವ ಬರಹವನ್ನೂ ಗೆವೆರ್ಬೆಓರ್ಡ್‌ನುಂಗ್ ಎಂಬ ಉದ್ಯಮ ನಿಯಂತ್ರಣ ಕಾನೂನಿನ 109ನೇ ಸೆಕ್ಷನ್ ನಿಷೇಧಿಸುತ್ತದೆ. ಆದರೂ ಬಿಟ್ಟ ಪದಗಳು ಮಾತಾಡುವುದನ್ನು ತಡೆಯಲಾಗಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಕೊನೆಯ ಸಾಲನ್ನು ಹಕ್ಕಿನಿಂದ ಕೇಳುವಂತಿಲ್ಲ. ಫೆಡರಲ್ ಕಾರ್ಮಿಕ ನ್ಯಾಯಾಲಯ 2001ರಲ್ಲಿ, ಮತ್ತೆ 2012ರಲ್ಲಿ, 2022ರ ಜನವರಿಯಲ್ಲಿ ಹೇಳಿದ್ದು ಇದನ್ನೇ: ಕೃತಜ್ಞತೆ, ಹಾರೈಕೆ ಎಲ್ಲ ಮಾಲೀಕರ ಮನಸ್ಸಿನ ಮಾತು, ಬರೆಯಿರೆಂದು ಒತ್ತಾಯಿಸಲಾಗದು. ಆದರೆ ಒಮ್ಮೆ ಬರೆದದ್ದನ್ನು ಸೇಡಿಗಾಗಿ ಅಳಿಸುವಂತಿಲ್ಲ. ಉದ್ಯೋಗಿಯೊಬ್ಬರು ತಿದ್ದುಪಡಿ ಕೇಳಿದ ಮೇಲೆ ಮೂರನೇ ಪ್ರತಿಯಲ್ಲಿ ಆ ಸಾಲೇ ಮಾಯವಾಗಿತ್ತು. 2023ರ ಜೂನ್‌ನಲ್ಲಿ ಇದೇ ನ್ಯಾಯಾಲಯ ಅದನ್ನು ಮರಳಿ ಹಾಕಬೇಕೆಂದಿತು.

ಆದ್ದರಿಂದ ಮೊದಲೇ ಎಚ್ಚರ ವಹಿಸಿ. ಮೆಚ್ಚಿಕೊಂಡಿದ್ದ ಮ್ಯಾನೇಜರ್ ಬದಲಾಗುವಾಗಲೇ, ಕೆಲಸದಲ್ಲಿರುವಾಗ ಸಿಗುವ ಮಧ್ಯಂತರ ಪ್ರಮಾಣಪತ್ರ ಕೇಳಿ ಇಟ್ಟುಕೊಳ್ಳಿ. ಬಿಡುವಾಗ ವಿವರವಾದ ಪ್ರಮಾಣಪತ್ರ ಬೇಕೆಂದು ಬರಹದಲ್ಲಿ ಕೇಳಿ, ಕೇಳದಿದ್ದರೆ ಬರೀ ಹುದ್ದೆ ಮತ್ತು ಅವಧಿಯ ಪತ್ರ ಸಿಗಬಹುದು. 2025ರ ಜನವರಿಯಿಂದ ನಿಮ್ಮ ಒಪ್ಪಿಗೆ ಇದ್ದರೆ ಎಲೆಕ್ಟ್ರಾನಿಕ್ ಪ್ರತಿಯನ್ನೂ ಕೊಡಬಹುದು. ಕೈಗೆ ಬಂದ ಕೂಡಲೇ ಜರ್ಮನ್ ಮಾತೃಭಾಷೆಯವರಿಂದ ಕೊನೆಯ ಸಾಲು ಓದಿಸಿ, ಆಕ್ಷೇಪವಿದ್ದರೆ ತಡಮಾಡಬೇಡಿ. ಇಂಥ ಕೇಳಿಕೆಗೆ ಕೆಲವೇ ತಿಂಗಳ ಗಡುವು ಹಾಕಿರುವ ಉದ್ಯೋಗ ಒಪ್ಪಂದಗಳು ಬಹಳ. ರಾಜಿ ಮಾಡಿಕೊಂಡು ಹೊರಬರುವುದಾದರೆ ‘ಒಳ್ಳೆಯ ಪ್ರಮಾಣಪತ್ರ ಕೊಡುತ್ತೇವೆ’ ಎಂಬ ಮಾತಿಗೆ ಸಹಿ ಹಾಕಬೇಡಿ. ವಿಷಾದ, ಕೃತಜ್ಞತೆ, ‘ವೈಟರ್‌ಹಿನ್’ ಸಮೇತ ಇಡೀ ಸಾಲನ್ನು ರಾಜಿ ಪತ್ರದಲ್ಲೇ ಅಕ್ಷರಶಃ ಬರೆಸಿ, ಆಮೇಲೆ ಸಹಿ ಹಾಕಿ.