ಮೊದಲು ಒಲೆ ನೋಡಿ, ಆಮೇಲೆ ಟೆಂಟ್: ಕೊಲೊರಾಡೊದ ಬೇಟೆ ಕ್ಯಾಂಪಿಗೆ ಹೊರಟವರಿಗೆ

ಬಾಡಿಗೆ ಟೆಂಟ್ ವಾಪಸ್ ಕೊಡುವಾಗ ಅಂಗಡಿಯವನು ಸೂರಿನಲ್ಲಿದ್ದ ಮೂರು ಸುಟ್ಟ ತೂತು ತೋರಿಸಿದ. ಡೆಪಾಸಿಟ್‌ನಲ್ಲಿ 90 ಡಾಲರ್ ಮುರಿದುಕೊಂಡ. ಅವನೇ ಕೊಟ್ಟ ಒಲೆಯ ಕೊಳವೆ ಗಿಡ್ಡ ಇದ್ದದ್ದರಿಂದ ಆ ತೂತು ಬಿದ್ದದ್ದು. ಎಷ್ಟು ಹೇಳಿದರೂ ಕೇಳಲಿಲ್ಲ. ತೆಗೆದುಕೊಂಡು ಹೋಗುವಾಗ ನಾವು ಒಂದು ಫೋಟೊ ಕೂಡ ತೆಗೆದಿರಲಿಲ್ಲ, ಹಾಗಾಗಿ ವಾದ ಮಾಡಲು ಕೈಯಲ್ಲಿ ಏನೂ ಇರಲಿಲ್ಲ. ಹೋದ ದುಡ್ಡು ಹೋಗಲಿ. ಅದೇ ಒಲೆಯಿಂದ ಒಂದು ರಾತ್ರಿ ನಾಲ್ಕು ಜನರ ಜೀವಕ್ಕೇ ಕುತ್ತು ಬಂದಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನಿರೋದು ಡೆನ್ವರ್‌ನಲ್ಲಿ, ಊರು ವಿರಾಜಪೇಟೆ ಹತ್ತಿರ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಈಗಲೂ ಪೂಜೆ ಮಾಡುತ್ತೇವೆ. ಬೇಟೆ ಮಾತ್ರ 1972ರ ವನ್ಯಜೀವಿ ಕಾಯ್ದೆಯ ನಂತರ ಅಜ್ಜ ಹೇಳುತ್ತಿದ್ದ ಕಥೆಗಳಲ್ಲೇ ಉಳಿಯಿತು. ಹಾಗಾಗಿ ಆಫೀಸಿನ ಗೆಳೆಯ ನವೆಂಬರ್‌ನಲ್ಲಿ ಎಲ್ಕ್ ಬೇಟೆಗೆ ಕರೆದಾಗ ಎರಡನೇ ಮಾತಿಲ್ಲದೆ ಹೊರಟೆ. ಎಲ್ಕ್ ಅಂದ್ರೆ ನಮ್ಮ ಕಡವೆ ತರಹದ ದೊಡ್ಡ ಜಿಂಕೆ. ನನ್ನ ಹತ್ತಿರ ಲೈಸೆನ್ಸ್ ಇರಲಿಲ್ಲ. ಇಲ್ಲಿ 1949ರ ಜನವರಿ 1ರಿಂದೀಚೆಗೆ ಹುಟ್ಟಿದವರು ಮೊದಲು ಬೇಟೆಯ ಕೋರ್ಸ್ ಪಾಸಾಗಿರಬೇಕು. ಹಾಗಾಗಿ ಅಡುಗೆ, ಸೌದೆ, ಒಲೆ ನನ್ನ ಪಾಲಿಗೆ ಬಂತು. ಜೊತೆಗಿದ್ದವರು ಗೆಳೆಯ, ಅವನ ಮಾವ, ಮಾವನ ತಮ್ಮ. ಮಾವನಿಗೆ ಎಪ್ಪತ್ತು ದಾಟಿದೆ. ಅವರ ಸ್ವಂತ ಟೆಂಟ್ ಹಿಂದಿನ ವರ್ಷ ಒದ್ದೆಯಿದ್ದಾಗಲೇ ಮಡಚಿಟ್ಟು ಬೂಷ್ಟು ಹಿಡಿದು ಹಾಳಾಗಿತ್ತು. ಅದಕ್ಕೇ ಈ ಬಾಡಿಗೆ ಟೆಂಟ್.

ಫೋರ್ಟ್ ಕಾಲಿನ್ಸ್ ದಾಟಿ 14ನೇ ಹೆದ್ದಾರಿಯಲ್ಲಿ ಕ್ಯಾಮರಾನ್ ಪಾಸ್ ಎಂಬ ಘಾಟಿ ಹತ್ತಿ ಇಳಿದರೆ ವಾಲ್ಡನ್ ಎಂಬ ಊರು ಸಿಗುತ್ತದೆ. ಪಾಸ್ 10,276 ಅಡಿ ಎತ್ತರದಲ್ಲಿದೆ, ಹಿಮಕ್ಕೆ ತಕ್ಕ ಟೈರ್ ಇಲ್ಲದೆ ಆ ಕಡೆ ಹೋಗಲೇಬೇಡಿ. ವಾಲ್ಡನ್‌ನ ಮುಖ್ಯ ರಸ್ತೆಯಲ್ಲಿ ಒಂದು ಚಿಕ್ಕ ಹೋಟೆಲ್ ಇದೆ, ಆರೇಳು ಮೇಜು ಅಷ್ಟೆ. ಬೇಟೆಯ ಸಮಯದಲ್ಲಿ ಕತ್ತಲಿರುವಾಗಲೇ ಬಾಗಿಲು ತೆಗೆಯುತ್ತಾರೆ. ಮೊಟ್ಟೆ, ಆಲೂಗೆಡ್ಡೆ ತುಂಬಿ ಸುತ್ತಿದ ರೊಟ್ಟಿ, ಅಂದ್ರೆ ಬರಿಟೊ ಮೇಲೆ ಸುಟ್ಟ ಹಸಿಮೆಣಸಿನಕಾಯಿ, ಹಂದಿ ಮಾಂಸ ಹಾಕಿ ಕುದಿಸಿದ ಗ್ರೀನ್ ಚಿಲಿ ಸುರಿದು ಕೊಡುತ್ತಾರೆ. 9 ಡಾಲರ್. ಒಂದು ತಿಂದರೆ ಮಧ್ಯಾಹ್ನದವರೆಗೆ ಹಸಿವಿನ ಮಾತೇ ಇಲ್ಲ. ಪಂದಿ ಕರಿ ತಿಂದು ಬೆಳೆದವನಿಗೆ ಅಮೆರಿಕದ ಹೋಟೆಲಿನಲ್ಲಿ ಹಂದಿ ಮಾಂಸಕ್ಕೆ ಸರಿಯಾದ ಖಾರ ಸಿಗೋದು ಎಷ್ಟು ಅಪರೂಪ ಗೊತ್ತಾ? ನಾನು ಕೇಳಿದ್ದಕ್ಕೆ ಒಳಗಿನಿಂದ ಹೋಟೆಲಿನ ಆಯಮ್ಮ ಒಂದು ಡಬ್ಬಿ ಗ್ರೀನ್ ಚಿಲಿ ಬೇರೆ ತುಂಬಿಸಿ ಕೊಟ್ಟರು, ನಾಲ್ಕೇ ಡಾಲರ್‌ಗೆ. ಕ್ಯಾಂಪಿನಲ್ಲಿ ಎರಡು ರಾತ್ರಿ ಅನ್ನಕ್ಕೆ ಕಲಸಿಕೊಂಡು ತಿಂದೆವು. ಹೋಗುವಾಗ, ಬರುವಾಗ ಎರಡೂ ಸಲ ಅಲ್ಲೇ ನಿಲ್ಲಿಸಿ.

ರೌಟ್ ರಾಷ್ಟ್ರೀಯ ಅರಣ್ಯದೊಳಗೆ ಸುಮಾರು 9,000 ಅಡಿಯಲ್ಲಿ ನಮ್ಮ ಕ್ಯಾಂಪ್. ರಸ್ತೆ ಪಕ್ಕದ ಒಳ್ಳೆ ಜಾಗಗಳಲ್ಲಿ ಟ್ರಕ್‌ಗಳು ಸಾಲಾಗಿ ನಿಂತಿದ್ದವು. ನನಗೆ ಕಾಡಿಗೆ ಬಂದು ಜನರೇಟರ್ ಸದ್ದು ಕೇಳೋದು ಆಗಲ್ಲ, ಇನ್ನೂ ಒಂದು ಮೈಲಿ ಒಳಗೆ ಹೋಗೋಣ ಎಂದು ಹಠ ಹಿಡಿದೆ. ಜಾಗ ಆರಿಸುವಾಗ ಮೊದಲು ಮೇಲೆ ನೋಡಿ. ಅಲ್ಲಿ ಲಾಡ್ಜ್‌ಪೋಲ್ ಪೈನ್ ಮರಗಳನ್ನು ತೊಗಟೆ ಕೊರೆಯುವ ಹುಳ ಸಾವಿರಗಟ್ಟಲೆ ಕೊಂದಿದೆ. ಒಣಗಿ ನಿಂತ ಮರ ಗಾಳಿಗೆ ಯಾವಾಗ ಬೇಕಾದರೂ ಬೀಳಬಹುದು. ಟೆಂಟ್ ಅದರ ಕೆಳಗೆ ಬೇಡವೇ ಬೇಡ.

ಟೆಂಟ್ ವಿಷಯದಲ್ಲಿ ನನಗೆ ದೂರಿಲ್ಲ. ಹತ್ತಿ ಕ್ಯಾನ್ವಾಸಿನದು, 12 ಅಡಿಗೆ 14 ಅಡಿ, ಗೋಡೆ ಐದಡಿ. ನಾಲ್ಕು ಮಂಚ, ಒಲೆ, ಒಂದು ಅಡುಗೆ ಮೇಜು ಹಿಡಿಯಿತು. ಐದನೆಯವರು ಬರುವುದಾದರೆ 14ಕ್ಕೆ 16 ತೆಗೆದುಕೊಳ್ಳಿ. ನೈಲಾನ್ ಟೆಂಟಿನಲ್ಲಿ ಸೌದೆ ಒಲೆಯ ಯೋಚನೆ ಬಿಡಿ. ಕಿಡಿ ಬಿದ್ದ ಕಡೆ ಕರಗುತ್ತದೆ, ಉಸಿರಿನ ತೇವ ಒಳಗೇ ಹನಿಯಾಗಿ ತಲೆ ಮೇಲೆ ಬೀಳುತ್ತದೆ. ಕ್ಯಾನ್ವಾಸ್ ಗಾಳಿಯಾಡುತ್ತದೆ. ಭಾರ ಮಾತ್ರ ಜಾಸ್ತಿ. ಬಟ್ಟೆಯೇ ಸುಮಾರು 25 ಕೆಜಿ, ಕಬ್ಬಿಣದ ಚೌಕಟ್ಟು ಬೇರೆ. ಹೊಸದು ಕೊಳ್ಳುವವರು ಚದರ ಗಜಕ್ಕೆ 10 ಔನ್ಸ್ ತೂಗುವ ಬಟ್ಟೆ ತೆಗೆದುಕೊಂಡರೆ ಸಾಕು. ಸನ್‌ಫೋರ್ಜರ್ ಅಂತ ಬರೆದಿದ್ದರೆ ಅದು ಕುಗ್ಗದಂತೆ, ನೀರು, ಬೂಷ್ಟು ತಡೆಯುವಂತೆ ಮಾಡಿದ ಬಟ್ಟೆ. ಬೆಂಕಿ ತಡೆಯುವ ಲೇಪ ಇದೆಯಾ ಅನ್ನೋದನ್ನು ಬೇರೆಯಾಗಿ ಕೇಳಬೇಕು. ಹಿತ್ತಲಲ್ಲಿ ಕಟ್ಟಿ ಎರಡು ಸಲ ನೀರು ಹೊಡೆದು ಒಣಗಿಸಿ. ಆಗ ನೂಲು ಉಬ್ಬಿ ಹೊಲಿಗೆಯ ತೂತುಗಳು ಮುಚ್ಚಿಕೊಳ್ಳುತ್ತವೆ.

ಮೋಸ ಹೋದದ್ದು ಒಲೆಯಲ್ಲಿ. ತೆಳು ತಗಡಿನ ಡಬ್ಬ. ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ, ಸಂದಿಯಿಂದ ಉರಿ ಕಾಣುತ್ತಿತ್ತು. ಗಾಳಿ ಹಿಡಿತಕ್ಕೆ ಬರದ ಒಲೆಗೆ ಪೈನ್ ಸೌದೆ ಎಷ್ಟು ತುರುಕಿದರೂ ಒಂದೂವರೆ ಗಂಟೆಯಲ್ಲಿ ಬೂದಿ. ಮೊದಲ ರಾತ್ರಿ ಹೊರಗೆ ಮೈನಸ್ 14 ಡಿಗ್ರಿ. ನಾನು ನಾಲ್ಕು ಸಲ ಎದ್ದೆ. ಕೊಳವೆ ಐದು ತುಂಡು ಕೊಟ್ಟಿದ್ದಾನೆ ಅಂದುಕೊಂಡಿದ್ದೆವು, ಬಿಚ್ಚಿದರೆ ನಾಲ್ಕೇ. ಅದರ ತುದಿ ಟೆಂಟಿನ ನೆತ್ತಿಗಿಂತ ಕೆಳಗೇ ಮುಗಿದಿತ್ತು. ತುದಿಗೆ ಹಾಕುವ ಕಿಡಿ ಜಾಲರಿಯೂ ಇರಲಿಲ್ಲ. ಅಷ್ಟು ದೂರ ಹೋಗಿ ಏನು ಮಾಡೋದು, ಅಡ್ಜಸ್ಟ್ ಮಾಡಿಕೊಂಡೆವು. ಮಾಡಬಾರದಿತ್ತು.

ಎರಡನೇ ರಾತ್ರಿ ಹಿಮ ಶುರುವಾಯಿತು, ಗಾಳಿ ತಿರುಗಿತು. ಕೊಳವೆ ನೆತ್ತಿಗಿಂತ ಕೆಳಗಿದ್ದರೆ ಸೂರು ದಾಟಿ ಬರುವ ಗಾಳಿ ಹೊಗೆಯನ್ನು ವಾಪಸ್ ಕೆಳಗೆ ಒತ್ತುತ್ತದೆ. ಎರಡು ಗಂಟೆಗೆ ಮಾವನ ತಲೆ ಹತ್ತಿರ ಕಟ್ಟಿದ್ದ ಕಾರ್ಬನ್ ಮಾನಾಕ್ಸೈಡ್ (ಬಣ್ಣ, ವಾಸನೆ ಇಲ್ಲದ ವಿಷಾನಿಲ) ಅಲಾರ್ಮ್ ಕಿರುಚಿಕೊಂಡಿತು. ಹೊಗೆ ಕಣ್ಣಿಗೆ ಕಾಣುವಷ್ಟೂ ಇರಲಿಲ್ಲ. ನನಗೆ ತಲೆ ಭಾರ ಅನ್ನಿಸಿತ್ತು, ಸುಸ್ತು ಅಂದುಕೊಂಡು ಮಗ್ಗುಲು ಬದಲಿಸಿದ್ದೆ. ಮಾವ ಒಂದೇ ಏಟಿಗೆ ಬಾಗಿಲ ಬಟ್ಟೆ ಎತ್ತಿ ಎಲ್ಲರನ್ನೂ ಹೊರಗೆ ತಳ್ಳಿದರು. ಕಾಲುಚೀಲದಲ್ಲೇ ಹಿಮದ ಮೇಲೆ ನಿಂತು ನೋಡಿದರೆ ಕೊಳವೆ ತುದಿಯಿಂದ ಕೆಂಪು ಕಿಡಿಗಳು ಸೂರಿನ ಮೇಲೆ ಬಂದು ಕೂರುತ್ತಿದ್ದವು. ಹಿಮ ಇದ್ದ ಕಡೆ ಚುಯ್ ಅಂತ ಆರುತ್ತಿದ್ದವು. ಕೊಳವೆಯ ಸುತ್ತ ಹಿಮ ಕರಗಿದ ಜಾಗದಲ್ಲಿ ಆರಲಿಲ್ಲ. ಆ ಮೂರು ತೂತು ಅಲ್ಲಿಯವು. ಆ ಅಲಾರ್ಮಿಗೆ 30 ಡಾಲರ್ ಕೊಟ್ಟಿದ್ದರಂತೆ. ಮಿಕ್ಕ ಯಾವ ಸಾಮಾನು ಬಿಟ್ಟರೂ ಅದನ್ನು ಬಿಡಬೇಡಿ, ಬ್ಯಾಟರಿ ಹೊಸದು ಹಾಕಿ.

ಬೆಳಿಗ್ಗೆ ಮಾವ ಕೊಳವೆ ಬಿಚ್ಚಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು. ತುಂಡಿನ ಒಂದು ಬಾಯಿ ಸುಕ್ಕು ಸುಕ್ಕಾಗಿರುತ್ತದೆ. ಆ ಸುಕ್ಕಿನ ಬಾಯಿ ಕೆಳಗೆ, ಒಲೆ ಕಡೆ ಇರಬೇಕು. ಆಗ ಹೊಗೆಯ ಕಪ್ಪು ಜಿಡ್ಡು ಕೊಳವೆಯೊಳಗೇ ಇಳಿದು ಒಲೆಗೆ ಬೀಳುತ್ತದೆ. ನಾವು ಕತ್ತಲಲ್ಲಿ ತಲೆಕೆಳಗಾಗಿ ಜೋಡಿಸಿದ್ದೆವು, ಜಿಡ್ಡು ಹೊರಗೆ ಇಳಿದು ಒಲೆ ಮೇಲೆ ಸುಟ್ಟು ನಾರುತ್ತಿತ್ತು. ಪ್ರತಿ ಜೋಡಣೆಗೂ ಸ್ಕ್ರೂ ಬೇಕು, ಇಲ್ಲದಿದ್ದರೆ ಗಾಳಿಗೆ ಕಳಚುತ್ತದೆ. ತೆಳು ಒಲೆಯ ತಳದಲ್ಲಿ ಒಂದೆರಡು ಇಂಚು ಮರಳು ಹಾಕಿದರೆ ತಗಡು ಸುಟ್ಟು ಹೋಗಲ್ಲ. ಆಮೇಲೆ ಅವರು ಒಬ್ಬೊಬ್ಬರ ಮಂಚದ ಕೆಳಗೂ ಒಂದೊಂದು ಚಾಕು ಇಟ್ಟರು. ಬೆಂಕಿ ಬಾಗಿಲ ಕಡೆ ಹತ್ತಿದರೆ ಗೋಡೆ ಸೀಳಿಕೊಂಡು ಹೊರಗೆ ಬನ್ನಿ ಅಂದರು.

ನಾನು ಅದೇ ದಿನ ವಾಲ್ಡನ್‌ಗೆ ಹೋಗಿ ಎರಡು ತುಂಡು ಕೊಳವೆ ತಂದೆ. ಕಿಡಿ ಜಾಲರಿ ಸಿಗಲಿಲ್ಲ. ಕೊಳವೆ ನೆತ್ತಿಗಿಂತ ಒಂದಡಿ ಮೇಲೆ ಹೋದ ಮೇಲೆ ಹೊಗೆ ಕಾಟ ಪೂರ್ತಿ ನಿಂತಿತು.

ಅಡುಗೆ ಮಾಡುವವರಿಗೆ ಒಂದು ಮಾತು. ಆ ಎತ್ತರದಲ್ಲಿ ನೀರು 91 ಡಿಗ್ರಿಗೇ ಕುದಿಯುತ್ತದೆ. ತೊಗರಿಬೇಳೆ ಬರೀ ಪಾತ್ರೆಯಲ್ಲಿ ಬೇಗ ಬೇಯೋದೇ ಇಲ್ಲ. ಮೂರು ಲೀಟರ್ ಕುಕ್ಕರ್ ಒಂದು ಒಯ್ಯಿರಿ. ಮಂಚದ ಮೇಲೆ ದಪ್ಪ ಫೋಮ್ ಹಾಸಿಕೊಳ್ಳಿ, ಚಳಿ ಬರೋದು ಕೆಳಗಿನಿಂದ. ಬೇಟೆಗೆ ಹೋಗದವರೂ ಕಿತ್ತಳೆ ಬಣ್ಣದ ಜಾಕೆಟ್, ಟೋಪಿ ಹಾಕಿಕೊಂಡೇ ಸೌದೆಗೆ ಹೋಗಿ.

ಐದನೇ ದಿನ ಗೆಳೆಯನಿಗೆ ಎಲ್ಕ್ ಸಿಕ್ಕಿತು. ನನ್ನ ಹತ್ತಿರ ಊರಿಂದ ತಂದ ಕಾಚಂಪುಳಿ, ಪಂದಿ ಕರಿಗೆ ಹಾಕುವ ಕಪ್ಪು ಹುಳಿ, ಇತ್ತು. ಅದನ್ನು ಹಾಕಿ ಮಾಂಸ ಬೇಯಿಸಿದೆ. ಮಾವ ಎರಡು ಸಲ ಹಾಕಿಸಿಕೊಂಡು ತಿಂದರು.

ಮುಂದಿನ ವರ್ಷಕ್ಕೆ ನಾವೇ ಕೊಳ್ಳುತ್ತಿದ್ದೇವೆ. ದಪ್ಪ ಉಕ್ಕಿನ, ಬಾಗಿಲು ಬಿಗಿಯಾಗಿ ಕೂರುವ ಒಲೆ ಆಗಲೇ ಬಂದಿದೆ, ಕಿಡಿ ಜಾಲರಿಯೂ ಬಂದಿದೆ. ಕಳೆದ ಭಾನುವಾರ ಮಾವನ ಹಿತ್ತಲಲ್ಲಿ ಕೊಳವೆ ಪೂರ್ತಿ ಜೋಡಿಸಿ ಮೂರು ಗಂಟೆ ಉರಿಸಿದೆವು. ಹೊಸ ಬಣ್ಣದ ವಾಸನೆ ಹೋಗುವವರೆಗೆ ಪಕ್ಕಕ್ಕೆ ನಿಲ್ಲೋಕೆ ಆಗಲಿಲ್ಲ. ಆಮೇಲೆ ಅದರ ಮೇಲೇ ಕಾಫಿ ಕಾಯಿಸಿದೆವು. ಟೆಂಟಿಗೆ ಇನ್ನೂ ಆರ್ಡರ್ ಕೊಟ್ಟಿಲ್ಲ.