ಪ್ಯಾಲೆಟ್ ಮನೆಗೆ ಗೆದ್ದಲು ಹಿಡಿಯಲ್ವಾ?

ಫ್ಯಾಕ್ಟರಿಯ ಹಳೇ ಮರದ ಪ್ಯಾಲೆಟ್‌ಗಳನ್ನೇ ಗೋಡೆ ಮಾಡಿಕೊಂಡು ನಮ್ಮ ಜಮೀನಿನಲ್ಲಿ ಮನೆ ಕಟ್ಟಿದ್ದೇವೆ. ಯಾರೇ ಬರಲಿ, ಮೊದಲು ಕೇಳುವುದು ಇದನ್ನೇ. ಕರೆಂಟ್ ಕಂಬ ಯಾಕಿಲ್ಲ, ಬೋರ್‌ವೆಲ್ ಯಾಕಿಲ್ಲ, ರಾತ್ರಿ ಹಾವು ಬರಲ್ವಾ, ಅದೆಲ್ಲ ಆಮೇಲೆ. ಗೋಡೆ ಮೇಲೆ ಕೈ ಇಟ್ಟು ಒಂದು ಸಲ ತಟ್ಟಿ ನೋಡಿ, ‘ಪ್ಯಾಕಿಂಗ್ ಮರ ಅಲ್ವಾ ಇದು? ಗೆದ್ದಲು ಹಿಡಿಯಲ್ವಾ?’ ಅಂತಾರೆ. ಫೋನಿನಲ್ಲೂ ಇದೇ, ಮೆಸೇಜಿನಲ್ಲೂ ಇದೇ. ಹಾಗಾಗಿ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಹಿಡಿಯುತ್ತೆ. ಬಿಟ್ಟರೆ ಖಂಡಿತ ಹಿಡಿಯುತ್ತೆ. ನಮ್ಮ ಕೋಲಾರದ ಕೆಂಪು ಮಣ್ಣಿನ ಮೇಲೆ ಒಂದು ಪೈನ್ ಹಲಗೆ ಹಾಕಿ ಮಳೆಗಾಲ ಪೂರ್ತಿ ಮರೆತುಬಿಡಿ, ಎತ್ತುವಾಗ ಮೇಲಿನ ತೆಳು ಪದರ ಮಾತ್ರ ಕೈಗೆ ಬರುತ್ತೆ, ಒಳಗೆಲ್ಲ ಮಣ್ಣು. ಅದಕ್ಕೇ ಗೆದ್ದಲು ಹಿಡಿಯದ ಮನೆ ಕಟ್ಟುವ ಆಸೆಗೆ ನಾನು ಹೋಗಲಿಲ್ಲ. ಹಿಡಿದರೆ ನನ್ನ ಕಣ್ಣಿಗೆ ಬೀಳಬೇಕು, ಹಿಡಿದ ಹಲಗೆಯನ್ನು ನಾನೇ ಬಿಚ್ಚಿ ಬೇರೆ ಹಾಕಲು ಬರಬೇಕು. ಇಡೀ ಮನೆ ಈ ಲೆಕ್ಕದ ಮೇಲೆ ನಿಂತಿದೆ.

ಮೊದಲು ಮರದ ವಿಷಯ. ಪ್ಯಾಲೆಟ್ ಅಂದರೆ ಫ್ಯಾಕ್ಟರಿಗಳಲ್ಲಿ ಮಾಲು ಇಡುವ, ಫೋರ್ಕ್‌ಲಿಫ್ಟ್ ಎತ್ತಿಕೊಂಡು ಹೋಗುವ ಮರದ ಹಲಗೆ ತಟ್ಟೆ. ನರಸಾಪುರ, ವೇಮಗಲ್, ಮಾಲೂರು, ಈ ಕಡೆ ಜಿಗಣಿ, ಬೊಮ್ಮಸಂದ್ರ, ಎಲ್ಲ ಕಡೆ ಗುಜರಿ ಅಂಗಡಿಗಳ ಮುಂದೆ ರಾಶಿ ಬಿದ್ದಿರುತ್ತವೆ. ಹೊರದೇಶದಿಂದ ಮೆಷಿನ್ ಹೊತ್ತುಕೊಂಡು ಬಂದವು ಹೆಚ್ಚಾಗಿ ಪೈನ್. ಇಲ್ಲೇ ಮಾಡಿದವುಗಳಲ್ಲಿ ಸಿಲ್ವರ್ ಓಕ್, ರಬ್ಬರ್ ಮರ, ನೀಲಗಿರಿ, ಕೈಗೆ ಸಿಕ್ಕಿದ ಕಾಡುಮರ, ಎಲ್ಲ ಬೆರೆತಿರುತ್ತೆ. ಇವುಗಳಲ್ಲಿ ಯಾವುದೂ ಹೊನ್ನೆ, ತೇಗದ ಹಾಗೆ ತಾನಾಗಿಯೇ ಗೆದ್ದಲನ್ನು ತಡೆಯುವ ಮರ ಅಲ್ಲ ಅಂತಲೇ ಇಟ್ಟುಕೊಳ್ಳಿ.

ಇಲ್ಲಿ ಒಂದು ತಪ್ಪು ನಂಬಿಕೆ ಜೋರಾಗಿ ಓಡಾಡುತ್ತಿದೆ. ‘ಎಚ್‌ಟಿ ಸೀಲ್ ಇರೋದು ತಗೊಂಡ್ರೆ ಸಾಕು, ಗೆದ್ದಲು ಬರಲ್ಲ’ ಅಂತ. ಸೀಲ್ ನೋಡುವುದು ಒಳ್ಳೆಯದೇ, ಆದರೆ ಅದು ಹೇಳುವುದು ಬೇರೆ. ಒಂದು ದೇಶದ ಮರದ ಹುಳ ಇನ್ನೊಂದು ದೇಶದ ಕಾಡಿಗೆ ಹೋಗಬಾರದು ಅಂತ 2002ರಲ್ಲಿ ಐಎಸ್‌ಪಿಎಂ 15 ಅನ್ನೋ ಅಂತರರಾಷ್ಟ್ರೀಯ ನಿಯಮ ಬಂತು. ಗಡಿ ದಾಟುವ ಪ್ಯಾಲೆಟ್ ಮೇಲೆ ಗೋಧಿ ತೆನೆ ಚಿತ್ರ, ದೇಶದ ಎರಡು ಅಕ್ಷರ, ತಯಾರಕರ ನಂಬರ್, ಮರಕ್ಕೆ ಏನು ಮಾಡಿದ್ದಾರೆ ಅನ್ನುವ ಗುರುತು ಇರುತ್ತೆ. ಎಚ್‌ಟಿ ಅಂದರೆ ಮರದ ಒಳಗಿನ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಬಿಸಿ 30 ನಿಮಿಷ ಬಿಡದೆ ಕೊಟ್ಟಿದ್ದಾರೆ ಅಂತ ಅರ್ಥ. ಆಗ ಒಳಗಿದ್ದ ಹುಳ, ಮೊಟ್ಟೆ ಸಾಯುತ್ತವೆ, ಅಷ್ಟೇ. ನಾಳೆ ಬರುವ ಗೆದ್ದಲಿಗೆ ಆ ಸೀಲ್ ಏನೂ ಮಾಡಲ್ಲ. ಬಿಸಿಯಾಗಿ ಒಣಗಿದ ಪೈನ್ ಕೂಡ ಪೈನೇ.

ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದಾರೆ. ವಿಷದ ಅನಿಲ, ಓಝೋನ್ ಪದರಕ್ಕೂ ಹಾನಿ ಅಂತ ಮಾಂಟ್ರಿಯಲ್ ಒಪ್ಪಂದದಲ್ಲಿ ಅದರ ಬಳಕೆಗೆ ಕಡಿವಾಣ ಹಾಕಿದ್ದಾರೆ. ಗಡಿಯಲ್ಲಿ ಹುಳ ತಡೆಯುವ ಇಂಥ ಕೆಲಸಕ್ಕೆ ಮಾತ್ರ ಇನ್ನೂ ವಿನಾಯಿತಿ ಉಳಿದಿದೆ. ನಾನು ಎಂಬಿ ಮರ ಮನೆಯೊಳಗೆ ತರುವುದಿಲ್ಲ. ಸೀಲ್ ಇಲ್ಲದ ಪ್ಯಾಲೆಟ್ ಅಂದರೆ ಸಾಮಾನ್ಯವಾಗಿ ದೇಶದೊಳಗೇ ಓಡಾಡಿದ್ದು, ಅದರಿಂದ ಗಾಬರಿ ಬೇಡ. ಆದರೆ ಸೀಲಿಗಿಂತ ಮೂಗನ್ನು ಜಾಸ್ತಿ ನಂಬಿ. ಪ್ಯಾಲೆಟ್ ಮೇಲೆ ಕೀಟನಾಶಕದ ಡ್ರಮ್ ಇಟ್ಟಿದ್ದರೋ, ಆಸಿಡ್ ಚೆಲ್ಲಿತ್ತೋ ಯಾರಿಗೆ ಗೊತ್ತು? ಎಣ್ಣೆ ಕಲೆ, ಘಾಟು ವಾಸನೆ, ಬಣ್ಣ ತಿರುಗಿದ ಹಲಗೆ ಇದ್ದರೆ ಬಿಟ್ಟು ಬನ್ನಿ. ಅದರಲ್ಲಿ ಮಕ್ಕಳ ಮಂಚ ಮಾಡಬೇಡಿ, ಸೊಪ್ಪಿನ ಮಡಿ ಮಾಡಬೇಡಿ. ಒಲೆಗಂತೂ ಹಾಕಲೇಬೇಡಿ, ಆ ಹೊಗೆ ಸೀದಾ ಎದೆಗೆ ಹೋಗುತ್ತೆ. ನೀಲಿ ಬಣ್ಣ ಬಳಿದು ಕಂಪನಿ ಹೆಸರು ಹಾಕಿರುವಂಥವು ಬಾಡಿಗೆ ಪ್ಯಾಲೆಟ್‌ಗಳು, ಅವು ಗುಜರಿ ಮಾಲೇ ಅಲ್ಲ. ಯಾರೋ ಅಗ್ಗಕ್ಕೆ ಕೊಟ್ಟರು ಅಂತ ತಂದುಕೊಳ್ಳಬೇಡಿ.

ರಬ್ಬರ್ ಮರ, ಸಿಲ್ವರ್ ಓಕ್ ಇದ್ದರೆ ಇನ್ನೊಂದು ನೋಡಿ. ಹಲಗೆ ಮೇಲೆ ಸೂಜಿ ಚುಚ್ಚಿದಂತೆ ಸಣ್ಣ ತೂತು, ತಟ್ಟಿದರೆ ಗೋಧಿಹಿಟ್ಟಿನಷ್ಟು ನುಣ್ಣನೆಯ ಪುಡಿ ಉದುರುತ್ತಾ? ಅದು ಕುಟ್ಟೆ. ನಮ್ಮ ಕಡೆಯ ಈ ಗೆದ್ದಲಿಗೆ ಮಣ್ಣಿನ ನಂಟು ಬೇಕು, ಕುಟ್ಟೆಗೆ ಅದೂ ಬೇಡ, ಒಣ ಮರದೊಳಗೇ ಕೂತು ಕೊರೆಯುತ್ತೆ. ಅಂಥ ಒಂದು ಹಲಗೆ ಒಳಗೆ ಬಂದರೆ ಪಕ್ಕದ ಹಲಗೆಗೂ ಹರಡುತ್ತೆ.

ಈಗ ಕಟ್ಟಿದ ರೀತಿ. ‘ಪ್ಯಾಲೆಟ್ ಮನೆ’ ಅಂತ ಎಲ್ಲರೂ ಕರೆಯುತ್ತಾರೆ, ಆದರೆ ಚಾವಣಿಯ ಭಾರ ಒಂದು ಕೆಜಿಯಷ್ಟೂ ಪ್ಯಾಲೆಟ್ ಮೇಲಿಲ್ಲ. ಪ್ಯಾಲೆಟ್ ಮರ ಗಿಡ್ಡ, ಸಾಮಾನ್ಯ ಅಳತೆ 1200ಕ್ಕೆ 1000 ಮಿಲಿಮೀಟರ್, ಅಂದರೆ ನಾಲ್ಕಡಿ ದಾಟಲ್ಲ. ಅದನ್ನು ಒಂದಕ್ಕೊಂದು ಜೋಡಿಸಿ ತೊಲೆ ಮಾಡುತ್ತೇನೆ ಅನ್ನುವವರನ್ನು ನಾನು ಕೈಮುಗಿದು ತಡೆಯುತ್ತೇನೆ. ನಮ್ಮ ಕಡೆ ಅದೃಷ್ಟಕ್ಕೆ ಕಲ್ಲು ಕಂಬ ಇದೆ. ದ್ರಾಕ್ಷಿ ಚಪ್ಪರಕ್ಕೆ, ಬೇಲಿಗೆ, ದನದ ಕೊಟ್ಟಿಗೆಗೆ ನೆಡುವ ಅದೇ ಗ್ರಾನೈಟ್ ಕಂಬ. ಎತ್ತರದ ಕಂಬಗಳನ್ನು ನೆಟ್ಟು, ಮೇಲೆ ಜಿಐ ಪೈಪ್ ಕೂರಿಸಿ, ಹಳೇ ಮನೆ ಕೆಡವಿದ ಕಡೆಯಿಂದ ತಂದ ಮಂಗಳೂರು ಹಂಚು ಹೊದಿಸಿದೆವು. ಗಾಳಿ ಮಳೆಗೆ ನಿಲ್ಲಬೇಕಾದ್ದೆಲ್ಲ ಕಲ್ಲು, ಕಬ್ಬಿಣ, ಹಂಚು. ಕಂಬದಿಂದ ಕಂಬಕ್ಕೆ ನಡುವೆ ತುಂಬಿರುವ ಗೋಡೆ, ಬಾಗಿಲು, ಅಟ್ಟ, ಕಪಾಟು, ಮಂಚ ಮಾತ್ರ ಪ್ಯಾಲೆಟ್.

ಆ ಗೋಡೆ ಕೂತಿರುವುದು ನೆಲದಿಂದ ಒಂದೂವರೆ ಅಡಿ ಮೇಲೆ, ಸೈಜುಗಲ್ಲಿನ ಸಾಲಿನ ಮೇಲೆ. ಕಲ್ಲಿಗೂ ಮರಕ್ಕೂ ನಡುವೆ ಒಂದು ತಗಡಿನ ಪಟ್ಟಿ ಹಾಸಿ, ಅದರ ಅಂಚನ್ನು ಎರಡೂ ಕಡೆ ಎರಡಿಂಚು ಹೊರಗೆ ಚಾಚಿ ಕೆಳಗೆ ಬಗ್ಗಿಸಿದ್ದೇವೆ. ತಗಡು ಗೆದ್ದಲನ್ನು ಕೊಲ್ಲಲ್ಲ, ಪೂರ್ತಿ ತಡೆಯುವುದೂ ಇಲ್ಲ. ಗೆದ್ದಲು ಬಿಸಿಲಿಗೆ ಮೈ ಒಡ್ಡಲ್ಲ. ಕಲ್ಲು ಹತ್ತಬೇಕಾದರೂ ಎಂಜಲಲ್ಲಿ ಮಣ್ಣು ಕಲಸಿ ಮೇಲಕ್ಕೆ ಒಂದು ಸುರಂಗ ಕಟ್ಟಿಕೊಂಡೇ ಬರಬೇಕು. ಆ ತಗಡಿನ ಅಂಚು ಸುತ್ತಿ ಬರುವಾಗ ಸುರಂಗ ಹೊರಗೆ ಕಾಣಲೇಬೇಕು, ಬಚ್ಚಿಟ್ಟುಕೊಳ್ಳಲು ಜಾಗ ಇಲ್ಲ. ನಮ್ಮ ಊರಿನ ಆಚಾರ್ರು ಮೊದಲ ದಿನವೇ ಹೇಳಿದ್ದರು, ‘ಹುಳಕ್ಕೆ ದಾರಿ ಮುಚ್ಚೋಕಾಗಲ್ಲ ಕಣಪ್ಪ, ದಾರಿ ನಿನ್ನ ಕಣ್ಣ ಮುಂದೆ ಇರೋ ಹಾಗೆ ಮಾಡ್ಕೋ.’

ಬೆಳಿಗ್ಗೆ ಹಲ್ಲುಜ್ಜುತ್ತಾ ನಾನು ಮನೆ ಒಂದು ಸುತ್ತು ಬರುತ್ತೇನೆ. ಜೂನ್‌ನಲ್ಲಿ ನಾಲ್ಕು ಮಳೆ ಬಿದ್ದ ಮೇಲೆ ನೋಡಬೇಕು ನೀವು. ಕಲ್ಲಿನ ಮೇಲೆ ಪೆನ್ಸಿಲ್ ದಪ್ಪದ ಕೆಂಪು ಗೆರೆ ರಾತ್ರೋರಾತ್ರಿ ಎದ್ದಿರುತ್ತೆ. ಉಗುರಿನಿಂದ ಕೆರೆದರೆ ಮಣ್ಣು ಇನ್ನೂ ಹಸಿ, ಒಳಗಿಂದ ಬಿಳಿ ಹುಳಗಳು ದಿಕ್ಕೆಟ್ಟು ಓಡುತ್ತವೆ, ಅವುಗಳ ನಡುವೆ ತಲೆ ಕೆಂಚಗಿರುವ ಕಾವಲು ಹುಳಗಳು ಅಲ್ಲೇ ನಿಂತು ದವಡೆ ಅಗಲಿಸುತ್ತವೆ. ಮಣ್ಣು ಒಣಗಿ ಉದುರಿ, ಒಳಗೆ ಖಾಲಿ ಇದ್ದರೆ ಅದು ಹಳೇ ದಾರಿ. ಹಸಿ ಇದ್ದರೆ ಪೂರ್ತಿ ಕೆರೆದು ಹಾಕಿ, ಕಲ್ಲಿನ ಬುಡದಲ್ಲಿ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು. ಸಾಮಾನ್ಯವಾಗಿ ಬಚ್ಚಲ ನೀರೋ, ಚಾವಣಿ ನೀರು ಇಳಿಸುವ ದೋಣಿ ಪೈಪಿನ ಸೋರಿಕೆಯೋ ಇರುತ್ತೆ. ಸೂರು ಮೂರಡಿ ಹೊರಗೆ ಚಾಚಿರಲಿ, ಗೋಡೆ ಬುಡಕ್ಕೆ ಹೂವಿನ ಗಿಡ, ಸೌದೆ ರಾಶಿ ಬೇಡ. ಸೌದೆ ರಾಶಿಯನ್ನು ಗೋಡೆಗೆ ಒರಗಿಸುವುದು ಗೆದ್ದಲಿಗೆ ಏಣಿ ಇಟ್ಟುಕೊಟ್ಟ ಹಾಗೆ.

ಪ್ಯಾಲೆಟ್ ಗೋಡೆ ಪೊಳ್ಳು. ವಿಡಿಯೋಗಳಲ್ಲಿ ಆ ಪೊಳ್ಳಿಗೆ ಹುಲ್ಲು ಕಲಸಿದ ಮಣ್ಣು ತುಂಬಿ ಮೆತ್ತುವುದನ್ನು ತೋರಿಸುತ್ತಾರೆ. ಚಳಿ ದೇಶಗಳಲ್ಲಿ ಅದಕ್ಕೆ ಕಾರಣ ಇದೆ. ನಮ್ಮಲ್ಲಿ ದಯವಿಟ್ಟು ಮಾಡಬೇಡಿ. ಮರದ ಎರಡು ಪದರದ ನಡುವೆ ಹುಲ್ಲು, ಮಣ್ಣು, ತೇವ, ಕತ್ತಲೆ, ಎಲ್ಲವನ್ನೂ ಒಂದೇ ಕಡೆ ಸೇರಿಸಿದರೆ ಹೊರಗಿಂದ ಗೋಡೆ ಚೆಂದ ಕಾಣುತ್ತಲೇ ಇರುತ್ತೆ, ಒಳಗೆ ಏನೂ ಉಳಿದಿರಲ್ಲ. ನಾವು ಪೊಳ್ಳನ್ನು ಪೊಳ್ಳಾಗೇ ಬಿಟ್ಟು, ಕೆಳಗೂ ಮೇಲೂ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆದಿದ್ದೇವೆ. ಇಲಿ ಬರಲ್ಲ, ಇಲಿ ಹಿಂದೆ ಹಾವೂ ಬರಲ್ಲ, ಗಾಳಿ ಆಡುತ್ತೆ. ಪ್ರತಿ ಪ್ಯಾಲೆಟ್ ನಾಲ್ಕು ಬೋಲ್ಟಿನ ಮೇಲೆ ನಿಂತಿದೆ. ಅನುಮಾನ ಬಂದರೆ ಸ್ಪ್ಯಾನರ್ ತಗೊಂಡು ಬಿಚ್ಚಿ ಬಿಸಿಲಿಗೆ ಹಾಕುವುದೇ.

ಬಿಡಿಸುವ ಕೆಲಸದ ಬಗ್ಗೆ ಒಂದು ಮಾತು. ಹೊರದೇಶದ ಪ್ಯಾಲೆಟ್‌ಗಳಲ್ಲಿ ತಿರುಚಿದ ಮೊಳೆ ಇರುತ್ತೆ, ಹಾರೆ ಹಾಕಿ ಮೀಟಿದರೆ ಮೊಳೆ ಬರಲ್ಲ, ಹಲಗೆ ಸೀಳುತ್ತೆ. ಕಿತ್ತುಹಾಕುವ ಹಠ ಬಿಡಿ. ಹಲಗೆಗೂ ದಿಮ್ಮಿಗೂ ನಡುವಿನ ಸಂದಿಯಲ್ಲಿ ಕಬ್ಬಿಣ ಕೊಯ್ಯುವ ಬ್ಲೇಡ್ ಇಳಿಸಿ ಮೊಳೆಯನ್ನೇ ಕತ್ತರಿಸಿದರೆ ಹಲಗೆ ಪೂರ್ತಿಯಾಗಿ ಬರುತ್ತೆ. ಮೊಳೆ ತಲೆ ಹಲಗೆಯಲ್ಲೇ ಉಳಿಯುತ್ತೆ, ಹಲಗೆ ನುಣುಪು ಮಾಡುವ ಪ್ಲೇನರ್ ಮೆಷಿನ್‌ಗೆ ಕೊಡುವ ಮುಂಚೆ ಅದನ್ನು ಹಿಂದಿನಿಂದ ಬಡಿದು ತೆಗೆಯಿರಿ.

ಎಣ್ಣೆ ಏನು ಬಳಿಯುತ್ತೀರಿ ಅಂತಲೂ ಕೇಳುತ್ತಾರೆ. ಹೊರಮೈಗೆ ಗೇರು ಎಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ ಇದು, ಕರಾವಳಿಯಲ್ಲಿ ದೋಣಿಗೆ, ಮನೆಯ ಮರಕ್ಕೆ ಹಿಂದಿನಿಂದಲೂ ಬಳಿಯುತ್ತಾರೆ. ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಏಳುತ್ತೆ, ಕೈಗವಸು ಇಲ್ಲದೆ ಡಬ್ಬ ತೆರೆಯಬೇಡಿ. ಒಳಮೈಗೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬಿಸಿನೀರಲ್ಲಿ ಕರಗಿಸಿ ಬಳಿಯುತ್ತೇವೆ. ಕುಟ್ಟೆಗೂ ಅದು ಒಳ್ಳೆಯದು. ಆದರೆ ಮಳೆ ನೀರು ಬಿದ್ದರೆ ಕರಗಿ ಹೋಗುತ್ತೆ, ಅದಕ್ಕೇ ಹೊರಗೆ ಬಳಿದು ಪ್ರಯೋಜನ ಇಲ್ಲ. ವೇಸ್ಟ್ ಇಂಜಿನ್ ಆಯಿಲ್ ಬಳಿಯುವವರು ತುಂಬಾ ಜನ ಇದ್ದಾರೆ. ಮಲಗುವ ಮನೆಗೆ ನಾನು ಅದನ್ನು ಒಪ್ಪಲ್ಲ.

ಅಡುಗೆಮನೆಗೆ ಒಂದೂ ಪ್ಯಾಲೆಟ್ ಇಲ್ಲ. ಒಣಗಿದ ಪೈನ್‌ಗೆ ಬೆಂಕಿ ಬೇಗ ಹತ್ತುತ್ತೆ. ಅಡುಗೆಮನೆ ಬೇರೆ, ಮಣ್ಣಿನ ಇಟ್ಟಿಗೆಯದ್ದು, ಒಳಗೆ ಹೊಗೆ ಕೊಳವೆ ಇರುವ ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ವಿಜ್ಞಾನಿ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತಲೇ ಶುರು ಮಾಡಿದ ಅಸ್ತ್ರ ಕೇಂದ್ರದ ಒಲೆ ಅದು. ಕಡಿಮೆ ಸೌದೆ, ಹೊಗೆ ಹೊರಗೆ. ಬ್ಯಾಟರಿ, ಇನ್ವರ್ಟರ್ ಕೂಡ ಆ ಇಟ್ಟಿಗೆ ಗೋಡೆಯ ಹೊರಗೆ, ನೆರಳಿನಲ್ಲಿ. ಮರದ ಗೋಡೆಯೊಳಗೆ ವೈರ್ ಎಳೆದಿಲ್ಲ, ಎಲ್ಲ ಪೈಪಿನಲ್ಲಿ ಗೋಡೆ ಮೇಲೆಯೇ ಕಾಣುತ್ತೆ. ನೋಡೋಕೆ ಚೆಂದ ಇಲ್ಲ, ನಿಜ. ಆದರೆ ಇಲಿ ಕಡಿದ ವೈರ್ ಮತ್ತು ಒಣ ಹಲಗೆ ಒಂದೇ ಪೊಳ್ಳಿನಲ್ಲಿ ಇದ್ದರೆ ನನಗೆ ನಿದ್ದೆ ಬರಲ್ಲ.

ಕರೆಂಟಿನ ಲೆಕ್ಕವೂ ಇದೇ ಸ್ವಭಾವದ್ದು. 660 ವ್ಯಾಟ್ ಸೋಲಾರ್ ಪ್ಯಾನೆಲ್, 12 ವೋಲ್ಟಿನ 150 ಎಎಚ್‌ (ಆಂಪಿಯರ್-ಅವರ್) ಲೆಡ್ ಬ್ಯಾಟರಿ ಎರಡು. ಎರಡೂ ಸೇರಿ ಹಿಡಿಯುವುದು 3.6 ಯೂನಿಟ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತೆಗೆದರೆ ಬ್ಯಾಟರಿ ಬೇಗ ಸಾಯುತ್ತೆ, ಹಾಗಾಗಿ ನಮಗೆ ಇರುವುದು 1.8 ಯೂನಿಟ್ ಅಂತಲೇ ಬದುಕುತ್ತೇವೆ. ಎಲ್‌ಇಡಿ ದೀಪ, ಕರೆಂಟ್ ಕಡಿಮೆ ಎಳೆಯುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಎರಡು, ಫೋನು, ಲ್ಯಾಪ್‌ಟಾಪ್, ಎಲ್ಲ ಸೇರಿ ದಿನಕ್ಕೆ ಒಂದು ಯೂನಿಟ್ ಒಳಗೆ ಮುಗಿಯುತ್ತೆ. ಮಿಕ್ಸಿ ಮಟಮಟ ಮಧ್ಯಾಹ್ನ, ಬಿಸಿಲಿರುವಾಗ. ಆಷಾಢದ ಮೋಡದಲ್ಲಿ ಚಟ್ನಿಗೆ ಒರಳು. ನೀರಿಗೆ 60 ಚದರ ಮೀಟರ್ ಚಾವಣಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಕಡೆ 700 ಮಿಲಿಮೀಟರ್ ಬಂದರೆ 42,000 ಲೀಟರ್, ಚೆಲ್ಲಿ ಆವಿಯಾಗಿ ಐದನೇ ಒಂದು ಭಾಗ ಕಳೆದರೂ ಕುಡಿಯಲು, ಅಡುಗೆಗೆ ವರ್ಷಕ್ಕೆ ಸಾಕು. ಬೋರ್ ಕೊರೆಸಿದರೆ ಸಾವಿರ ಅಡಿ ಕೆಳಗೆ ಹೋಗಿ ಫ್ಲೋರೈಡ್ ನೀರು ಎತ್ತುವ ಊರುಗಳಿವೆ ಇಲ್ಲಿ. ಚಾವಣಿ ಮೇಲೆ ಬೀಳುವುದನ್ನು ಬಿಟ್ಟು ಅಲ್ಲಿಗೆ ಹೋಗಲು ನನಗೆ ಮನಸ್ಸಿಲ್ಲ. ಗಿಡಗಳಿಗೆ ಕೃಷಿ ಹೊಂಡ ಇದೆ, ಅದರ ಕತೆ ಬೇರೆಯದೇ ದೊಡ್ಡದು.

‘ಎಷ್ಟು ವರ್ಷ ಬಾಳುತ್ತೆ?’ ಅಂತ ಕೊನೆಗೆ ಕೇಳಿಯೇ ಕೇಳುತ್ತಾರೆ. ಕಲ್ಲು ಕಂಬ ನನ್ನ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಹಂಚು ಇನ್ನೊಂದು ಮನೆಗೂ ಹೋಗುತ್ತೆ. ಹಲಗೆ ಹೋದಂತೆ ಬದಲಾಯಿಸುತ್ತಾ ಇರುತ್ತೇನೆ, ಪಡುವಣ ದಿಕ್ಕಿನ ಗೋಡೆಯದ್ದು ಮೊದಲು ಹೋಗುತ್ತೆ, ಅಲ್ಲಿ ಬಿಸಿಲೂ ಎರಚಲೂ ಜಾಸ್ತಿ. ಮನೆ ಬೀಗ ಹಾಕಿ ತಿಂಗಳುಗಟ್ಟಲೆ ಊರು ಬಿಡುವವರಿಗೆ, ವಾರಕ್ಕೊಮ್ಮೆ ಬಂದು ಹೋಗುವ ಫಾರ್ಮ್‌ಹೌಸಿಗೆ ನಾನು ಪ್ಯಾಲೆಟ್ ಬೇಡ ಅಂತಲೇ ಹೇಳುತ್ತೇನೆ. ಅವರು ಇಟ್ಟಿಗೆಯಲ್ಲಿ ಕಟ್ಟಿಕೊಳ್ಳಲಿ.

ಅಲ್ಲೇ ಇದ್ದು ಕೈಯಾರೆ ಮಾಡುವ ಆಸೆ ಇರುವವರು ಮನೆಯಿಂದ ಶುರು ಮಾಡಬೇಡಿ. ಹತ್ತು ಪ್ಯಾಲೆಟ್ ತಂದು ಕೋಳಿಗೂಡು ಕಟ್ಟಿ. ನಾಲ್ಕು ಕಲ್ಲಿನ ಮೇಲೆ, ತಗಡು ಹಾಕಿ, ಬೋಲ್ಟ್ ಹಾಕಿ, ಮೇ ತಿಂಗಳೊಳಗೆ. ಮಳೆ ಮುಗಿದು ದೀಪಾವಳಿ ಹೊತ್ತಿಗೆ ಅದನ್ನು ಪೂರ್ತಿ ಬಿಚ್ಚಿ, ಒಂದೊಂದು ಹಲಗೆ ತಿರುಗಿಸಿ ನೋಡಿ. ನಿಮ್ಮ ಮಣ್ಣಿನ ಗೆದ್ದಲು ಎಲ್ಲಿಂದ ಹತ್ತುತ್ತೆ, ನಿಮ್ಮ ಮಳೆ ಯಾವ ಕಡೆಯಿಂದ ಎರಚುತ್ತೆ ಅಂತ ಗೊತ್ತಾದ ಮೇಲೆ ಮನೆಯ ನಕ್ಷೆ ಬರೆಯಿರಿ.