ಮ್ಯಾಕ್ಸ್ ಮುಲ್ಲರ್ ಭಾರತಕ್ಕೆ ಬಂದೇ ಇಲ್ಲವಂತಲ್ಲ?

ಹೌದು, ಬಂದಿಲ್ಲ. ಋಗ್ವೇದವನ್ನು ಅಚ್ಚಿಗೆ ತಂದ ಆ ಜರ್ಮನ್ ವಿದ್ವಾಂಸ ಒಂದು ಸಲವೂ ಬಂದಿಲ್ಲ. ನಾನು ಭಾಷಾಶಾಸ್ತ್ರ ಓದಿದವಳು ಅಂತ ಗೊತ್ತಾದರೆ ಸಾಕು, ಊಟದ ಪಂಕ್ತಿಯಲ್ಲೂ ಇದೇ ಪ್ರಶ್ನೆ. ಕಳೆದ ಸಲ ಕೇಳಿದ ಹಿರಿಯರೊಬ್ಬರು ನಾನು ಬಾಯಿ ತೆರೆಯುವ ಮೊದಲೇ, "ಬ್ರಿಟಿಷರು ದುಡ್ಡು ಕೊಟ್ಟು ಬರೆಸಿದ್ದಮ್ಮ ಅದೆಲ್ಲ" ಎಂದು ತೀರ್ಪನ್ನೂ ಕೊಟ್ಟುಬಿಟ್ಟರು. ತೀರ್ಪು ಸಿದ್ಧವಿದ್ದರೆ ನನ್ನನ್ನು ಕೇಳುವುದಾದರೂ ಯಾಕೆ?

ಆತ ಹುಟ್ಟಿದ್ದು 1823ರಲ್ಲಿ, ಜರ್ಮನಿಯ ಡೆಸಾವ್‌ನಲ್ಲಿ. ಲೈಪ್‌ಜಿಗ್‌ನಲ್ಲಿ ಸಂಸ್ಕೃತ ಕಲಿತ, ಬರ್ಲಿನ್‌ನಲ್ಲಿ ಭಾಷಾಶಾಸ್ತ್ರಜ್ಞ ಫ್ರಾಂಜ್ ಬಾಪ್‌ನ ಪಾಠ ಕೇಳಿದ. ಸಾಯಣಭಾಷ್ಯದೊಂದಿಗೆ, ಅಂದರೆ ಸಾಯಣನ ಹೆಸರಿನ ವ್ಯಾಖ್ಯಾನದೊಂದಿಗೆ, ಋಗ್ವೇದವನ್ನು ಅಚ್ಚು ಹಾಕಿಸು ಎಂದು ಹುರಿದುಂಬಿಸಿದವನು ಪ್ಯಾರಿಸ್‌ನ ಸಂಸ್ಕೃತ ವಿದ್ವಾಂಸ ಬರ್ನೂಫ್. ಬೇಕಾದ ಹಸ್ತಪ್ರತಿಗಳು ಪ್ಯಾರಿಸ್, ಲಂಡನ್, ಆಕ್ಸ್‌ಫರ್ಡ್‌ನಲ್ಲಿದ್ದವು, ಆತ ಅಲ್ಲಿಗೆ ಹೋದ. ಮುದ್ರಣದ ಖರ್ಚು ಮೊದಲಿಗೆ ಈಸ್ಟ್ ಇಂಡಿಯಾ ಕಂಪನಿಯದು, ಅದೂ ನಿಜ. ಆದರೆ 1849ರಿಂದ 1874ರವರೆಗೆ ಆರು ಸಂಪುಟಗಳಲ್ಲಿ ಅಚ್ಚಾದದ್ದು ವೇದದ ಮೂಲಪಾಠ ಮತ್ತು ಸಾಯಣನ ಮಾತು. ಅದನ್ನು ಯಾರೂ ಬರೆಸಬೇಕಿರಲಿಲ್ಲ. ಇಲ್ಲಿನ ಅಗ್ರಹಾರದಲ್ಲಿ ಕೂತು ವೇದಘೋಷ ಕೇಳದೆ ಹೋದದ್ದು ಅವನಿಗೆ ನಷ್ಟವೇ. ಅದರಿಂದ ಆ ಆರು ಸಂಪುಟಗಳು ಸುಳ್ಳಾಗುವುದಿಲ್ಲ.

ವೇದದಿಂದ ಮೂರು ಸಾವಿರ ವರ್ಷಗಳಲ್ಲಿ ಬೆಳೆದದ್ದನ್ನೆಲ್ಲ ಕೀಳಲು ಬೇರನ್ನು ತೋರಿಸುವುದೇ ದಾರಿ ಎಂಬರ್ಥದಲ್ಲಿ ಆತ ಹೆಂಡತಿಗೆ ಪತ್ರ ಬರೆದ. ಅದನ್ನು ನಾನು ಮುಚ್ಚಿಡುವುದಿಲ್ಲ, ಓದಿದಾಗಲೆಲ್ಲ ಸಿಟ್ಟೂ ಬರುತ್ತದೆ. ಆದರೆ 1860ರ ಕಥೆಯನ್ನೂ ಹೇಳಿ. ಆಕ್ಸ್‌ಫರ್ಡ್‌ನ ಬೋಡೆನ್ ಸಂಸ್ಕೃತ ಪೀಠ ಹುಟ್ಟಿದ್ದೇ ಬೈಬಲ್ಲನ್ನು ಸಂಸ್ಕೃತಕ್ಕೆ ತಂದು ಮತಾಂತರಕ್ಕೆ ನೆರವಾಗಲು. ಆ ವರ್ಷ ಅದರ ಪ್ರಾಧ್ಯಾಪಕನನ್ನು ಆರಿಸಲು ನಡೆದ ಚುನಾವಣೆಯಲ್ಲಿ ಎದುರಾಳಿ ಮೋನಿಯರ್ ವಿಲಿಯಮ್ಸ್‌ಗೆ 833 ಮತ, ಇವನಿಗೆ 610. ವಿದೇಶಿ ಎಂಬುದರ ಜೊತೆಗೆ, ಇವನ ಕ್ರೈಸ್ತ ನಿಷ್ಠೆ ಸಾಲದು ಎಂಬ ಅನುಮಾನವೂ ಕೆಲಸ ಮಾಡಿತು. ಮುಂದೆ 1868ರಲ್ಲಿ ಅದೇ ಆಕ್ಸ್‌ಫರ್ಡ್‌ನಲ್ಲಿ ತೌಲನಿಕ ಭಾಷಾಶಾಸ್ತ್ರದ ಮೊದಲ ಪ್ರಾಧ್ಯಾಪಕನಾದ.

ಇಷ್ಟು ಜನ ಮುಲ್ಲರ್ ಬಗ್ಗೆ ಕೇಳುತ್ತಾರೆ, ಸಾಯಣನ ಬಗ್ಗೆ ಕೇಳಿದವರನ್ನು ನಾನು ಕಂಡಿಲ್ಲ. ಅವನು ನಮ್ಮ ವಿಜಯನಗರದವನು! ಬುಕ್ಕನಿಗೂ ಇಮ್ಮಡಿ ಹರಿಹರನಿಗೂ ಮಂತ್ರಿಯಾಗಿದ್ದು, ರಾಜ್ಯದ ಕೆಲಸದ ನಡುವೆ ಇಂಥ ಭಾಷ್ಯಗಳನ್ನು ಮಾಡಿಸಿದ. 1386ರ ತಾಮ್ರಶಾಸನವೊಂದರಲ್ಲಿ ನಾರಾಯಣ ವಾಜಪೇಯಯಾಜಿ, ನರಹರಿ ಸೋಮಯಾಜಿ, ಪಂಢರಿ ದೀಕ್ಷಿತ ಎಂಬ ಮೂವರಿಗೆ ಹರಿಹರ ದಾನ ಕೊಟ್ಟದ್ದಿದೆ. ಅವರನ್ನು ನಾಲ್ಕು ವೇದಗಳ ಭಾಷ್ಯದ ಪ್ರವರ್ತಕರೆಂದು ಶಾಸನವೇ ಕರೆಯುತ್ತದೆ. ಹಾಗಾದರೆ ಭಾಷ್ಯದಲ್ಲಿ ಸಾಯಣನ ಕೈ ಎಷ್ಟು, ಈ ಮೂವರದೆಷ್ಟು? ಅದನ್ನು ಕೇಳಿ, ಎಷ್ಟು ಹೊತ್ತಾದರೂ ಕೂರುತ್ತೇನೆ.